ಓಟಿನ ಚೀಟಿಗೆ ಹಾಕಿದ ಕಚ್ಚು

ನನಗೆ ಮೂಗಿನ ತುದೀಲೇ ಕೋಪ ಅಂತ ಅಂಗಡಿಗೆ ಬರೋರೆಲ್ಲ ಹೇಳ್ತಾರೆ. ಹೇಳ್ಲಿ. ಮೂವತ್ತು ವರ್ಷದಿಂದ ಬಟ್ಟೆ ಹೊಲೀತಿದ್ದೀನಿ, ಯಾರ ಅಳತೆಯೂ ತಪ್ಪಿಲ್ಲ. ತಪ್ಪಿದ್ದು ಒಂದೇ ಸಲ, ಅದೂ ಬಟ್ಟೆಯಲ್ಲ, ಕಾಗದ.

ನಮ್ಮಣ್ಣನಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಅಪ್ಪ ಬದುಕಿರೋವರೆಗೆ ಮತಗಟ್ಟೆಗೆ ಅವನನ್ನ ಕೈ ಹಿಡ್ಕೊಂಡು ಹೋಗಿ, ಅವನ ಓಟನ್ನ ತಾವೇ ಹಾಕ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ನಗ್ತಾ ಅಂದರು, "ನೀನು ಯಾರ ಹೆಸರು ಹೇಳಿದರೇನು, ನಾನು ಹಾಕಿದ್ದು ನಮ್ಮೋರಿಗೇ." ಅಣ್ಣ ತಟ್ಟೆ ಬಿಟ್ಟು ಎದ್ದ. ಆಮೇಲೆ ಯಾವತ್ತೂ ಓಟಿನ ಸುದ್ದಿ ಎತ್ತಲಿಲ್ಲ.

ಹೋದ ವರ್ಷ ಮೆಟ್ಟಿಲಿಂದ ಬಿದ್ದು ಅವನ ಸೊಂಟ ಮುರೀತು. ಈಗ ಮೂರನೇ ಮಹಡಿಯಿಂದ ಕೆಳಗಿಳಿಯೋ ಹಾಗಿಲ್ಲ. ಅಂಥವರಿಗೆ ಓಟಿನ ಚೀಟಿ ಅಂಚೇಲಿ ಮನೆಗೇ ಬರುತ್ತೆ ಅಂತ ರೇಡಿಯೋದಲ್ಲಿ ಕೇಳಿ ನನ್ನ ಕರೆದ.

"ಪುಟ್ಟೀ, ಸಾಯೋದರೊಳಗೆ ಒಂದು ಸಲ ನನ್ನ ಓಟು ನಾನೇ ಹಾಕ್ಬೇಕು. ಯಾರಿಗೆ ಅಂತ ನಿನಗೂ ಗೊತ್ತಾಗಬಾರದು."

ಐವತ್ತೆಂಟು ವಯಸ್ಸಿನೋನು ಅಷ್ಟು ಆಸೆಯಿಂದ ಕೇಳಿದರೆ ಇಲ್ಲ ಅನ್ನೋದು ಹೇಗೆ? ಚುನಾವಣಾ ಕಚೇರಿಗೆ ಫೋನ್ ಮಾಡಿ, ಮುಟ್ಟಿ ಓದೋ ಚೀಟಿ ಇದೆಯಾ ಅಂತ ಕೇಳಿದೆ.

"ಇಲ್ಲಮ್ಮ. ಮನೇಲಿ ಕಣ್ಣಿರೋರು ಯಾರಾದರೂ ಹಾಕಿಕೊಡಿ" ಅಂದ ಗುಮಾಸ್ತ.

"ಹಾಕಿಕೊಡೋರು ಇದ್ದಾರೆ ಸ್ವಾಮಿ, ಅದೇ ತೊಂದರೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ.

ಚೀಟಿ ಬಂತು. ಏಳು ಹೆಸರು, ಪಕ್ಕದಲ್ಲಿ ಏಳು ಚೌಕ. ಕಾಲರ್ ಅಳತೆಗೆ ಇಟ್ಟಿದ್ದ ರಟ್ಟನ್ನ ಚೀಟಿಯಷ್ಟೇ ಅಗಲಕ್ಕೆ ಕತ್ತರಿಸಿ, ಚೌಕ ಇರೋ ಕಡೆಯೆಲ್ಲ ತೂತು ಮಾಡಿದೆ. ಚೀಟಿ ಮೇಲೆ ರಟ್ಟಿಟ್ಟು ತೂತು ಎಣಿಸಿದರೆ ಆಯ್ತು. ಆದರೆ ಚೀಟಿ ತಲೆಕೆಳಗಾದರೆ? ಎರಡು ತುಂಡು ಬಟ್ಟೆ ಸರಿಯಾಗಿ ಕೂಡಲಿ ಅಂತ ನಾವು ದರ್ಜಿಗಳು ಅಂಚಿಗೆ ಕತ್ತರಿ ತುದೀಲಿ ಸಣ್ಣ ಕಚ್ಚು ಹಾಕ್ತೀವಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಕೈ ತಾನಾಗೇ ಹೋಯ್ತು. ರಟ್ಟಿಗೊಂದು ಕಚ್ಚು, ಚೀಟಿಯ ಮೇಲಂಚಿಗೊಂದು, ಅಕ್ಕಿಕಾಳಿನಷ್ಟು.

ಯಾರ ಹೆಸರು ಎಷ್ಟನೇದು ಅಂತ ಮೂರು ಸಲ ಓದಿ ಹೇಳಿ, ಪೆನ್ನು ಕೊಟ್ಟು, ಬಾಗಿಲು ಎಳ್ಕೊಂಡು ಹೊರಗೆ ಬಂದೆ. ಕಾಲು ಗಂಟೆ ಆದಮೇಲೆ ಕರೆದ. ಲಕೋಟೆ ಅವನೇ ಅಂಟಿಸಿದ್ದ, ಬೆರಳೆಲ್ಲ ಗೋಂದು.

"ಯಾರಿಗೆ ಹಾಕಿದೆ ಅಂತ ಕೇಳು" ಅಂದ.

"ಯಾರಿಗಣ್ಣ?"

"ಹೇಳಲ್ಲ ಹೋಗೇ."

ಅವನು ಹಾಗೆ ನಕ್ಕಿದ್ದು ಎಷ್ಟು ವರ್ಷದ ಮೇಲೋ. ಆ ವಾರವೆಲ್ಲ ನನಗೆ ಯಾರ ಮೇಲೂ ಕೋಪ ಬರಲಿಲ್ಲ.

ತಿಂಗಳಾದ ಮೇಲೆ ಕಚೇರಿಯಿಂದ ಕಾಗದ ಬಂತು. ಚೀಟಿಯ ಅಂಚು ಕತ್ತರಿಸಿ ಗುರುತು ಮಾಡಿದ್ದಾರೆ, ಇದು ಯಾರ ಓಟು ಅಂತ ಪತ್ತೆಯಾಗಬಹುದು, ಗುಟ್ಟು ಕೆಟ್ಟಿದೆ, ಆದ್ದರಿಂದ ಮತ ತಿರಸ್ಕೃತ. ಗುಟ್ಟಾಗಿರಲಿ ಅಂತಲೇ ಹಾಕಿದ್ದ ಕಚ್ಚು ಅದು. ನೀರಲ್ಲಿ ಹೋಮ ಮಾಡಿದ ಹಾಗಾಯ್ತು.

ಲಕೋಟೆ ಹರಿದ ಸದ್ದು ಅಣ್ಣನಿಗೆ ಕೇಳಿಸಿತ್ತು. "ಓಟಿನ ಆಫೀಸಿಂದಾ? ಓದು."

ನಿನ್ನ ಓಟು ಸೇರಿದೆಯಂತೆ ಅಂತ ಸುಳ್ಳು ಹೇಳೋಕೆ ಬಾಯಿ ತೆರೆದೆ. ಅಪ್ಪನ ನಗು ನೆನಪಾಯ್ತು. ಇದ್ದದ್ದನ್ನ ಇದ್ದ ಹಾಗೇ ಓದಿದೆ. ಕಚ್ಚು ಹಾಕಿದ್ದು ನಾನು, ತಪ್ಪು ನಂದು ಅಂತ ಅತ್ತುಬಿಟ್ಟೆ.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿಂಬಿನ ಕೆಳಗೆ ಇಟ್ಕೊಂಡಿದ್ದ ರಟ್ಟು ತೆಗೆದು, ತೂತುಗಳ ಮೇಲೆ ಒಂದು ಸಲ ಬೆರಳಾಡಿಸಿ, ನನ್ನ ಕಡೆ ಚಾಚಿದ.

"ತಗೋ, ನಿನ್ನ ಕೆಲಸಕ್ಕೆ ಬರುತ್ತೆ. ಮುಂದಿನ ಸಲ ನೀನೇ ಹಾಕಿಬಿಡು."

"ಮುಂದಿನ ಸಲ ಕಚ್ಚು ಹಾಕಲ್ಲಣ್ಣ. ಬೇರೆ ಏನಾದರೂ ದಾರಿ ಹುಡುಕ್ತೀನಿ."

"ಬೇಡ ಪುಟ್ಟಿ. ನೀನೇ ಹಾಕು."

"ಯಾರಿಗೆ ಅಂತ ಹಾಕ್ಲಿ?"

"ಅಪ್ಪ ಹಾಕ್ತಿದ್ದೋರಿಗೇ ಹಾಕು" ಅಂದ.