ಹಾಳೆ ಬದಲಿಸಲು ಕುಳಿತವರು

ಯಾರಾದರೂ ಒಂದು ಮಾತು ಹೇಳಿದರೆ ಅದನ್ನು ಬರೆದುಕೊಂಡು, ಹೇಳಿದವರಿಗೇ ಓದಿ ಕೇಳಿಸಿ, "ಹೀಗೇ ಅಂದ್ರಿ ತಾನೆ?" ಎಂದು ಖಚಿತ ಮಾಡಿಕೊಳ್ಳದೆ ಆ ಲೇಖಕರು ಪೆನ್ನು ಮುಚ್ಚುತ್ತಿರಲಿಲ್ಲ. ನಾನು ಹಾಳೆ ಮಡಚಿ ಹೊಲಿಯುವ ಬೈಂಡಿಂಗ್ ಅಂಗಡಿಗೆ ಅವರು ಬಂದಾಗ, ಒಂದು ಪುಸ್ತಕಕ್ಕೆ ಎಷ್ಟು ಹೊಲಿಗೆ ಎಂಬುದನ್ನೂ ಹಾಗೆಯೇ ಬರೆದು ಓದಿದ್ದರು. ಮೊಣಕೈ ಸವೆದ ಬೂದು ಕೋಟು, ಎಡಗಾಲನ್ನು ತುಸು ಎಳೆದಿಡುವ ನಡಿಗೆ. ಗುಂಡೇಟೇ ಎಂದು ಕೇಳಿದವರಿಗೆ, "ಇಲ್ಲಪ್ಪ, ಮೆಟ್ಟಿಲಿಂದ ಬಿದ್ದೆ" ಎಂದು ನಗುತ್ತಿದ್ದರು.

ಇಸ್ಲಾಮಿನ ಹೆಸರು ಹೇಳಿಕೊಂಡು ನಮ್ಮ ಸೀಮೆಯಲ್ಲಿ ಬಂದೂಕು ಹಿಡಿದ ಉಗ್ರರ ಗುಂಪುಗಳ ಕುರಿತು ಅವರು ಬರೆದ ಪುಸ್ತಕ, ಯಾವ ಕಾದಂಬರಿಯೂ ಖರ್ಚಾಗದಷ್ಟು ಖರ್ಚಾಗಿ, ನಾಲ್ಕನೆಯ ಮುದ್ರಣಕ್ಕೆ ಬಂದಿತ್ತು. ಆಗ ಒಬ್ಬ ಬೇಕರಿಯವನು ಅವರನ್ನು ಹುಡುಕಿಕೊಂಡು ನಮ್ಮಲ್ಲಿಗೇ ಬಂದ. ಒಂದು ಪುಟದಲ್ಲಿ ಅವನೂ ಆ ಗುಂಪಿನವನೆಂದು ಹೆಸರು ಸಮೇತ ಅಚ್ಚಾಗಿತ್ತು.

"ನನ್ನ ತಮ್ಮನ್ನ ಅಲ್ಲಿಂದ ಎಳ್ಕೊಂಡು ಬರೋಕೆ ಹೋಗಿದ್ದೆ ಸಾರ್. ಎಳ್ಕೊಂಡೂ ಬಂದೆ. ಈಗ ನನ್ನ ಕೈಯಿಂದ ಬ್ರೆಡ್ಡು ಯಾರಿಗೂ ಬೇಡ, ಕಟ್ಟಡದ ಮಾಲೀಕರು ಅಂಗಡಿ ಖಾಲಿ ಮಾಡು ಅಂತಿದಾರೆ."

ಲೇಖಕರು ಪುಸ್ತಕ ತೆರೆದು ಆ ಪುಟ ಓದಿದರು. ಆ ಒಂದು ಸಂಗತಿಯನ್ನು ಮಾತ್ರ ಯಾರನ್ನೂ ಕೇಳದೆ ಪೊಲೀಸ್ ಕಾಗದದಿಂದ ಎತ್ತಿಕೊಂಡಿದ್ದರು. ನಾಲ್ಕು ದಿನ ಅಲೆದು ವಿಚಾರಿಸಿ ಬಂದವರು, "ಅವನು ಹೇಳಿದ್ದೇ ನಿಜ, ತಪ್ಪು ನನ್ನದು" ಎಂದರು.

"ಒಂದು ತಿದ್ದುಪಡಿ ಚೀಟಿ ಇಟ್ರಾಯ್ತು ಬಿಡಿ ಸಾರ್," ಎಂದ ನಮ್ಮ ಅಂಗಡಿಯ ಯಜಮಾನ.

"ಚೀಟಿ ಉದುರಿ ಹೋಗುತ್ತೆ ಕಣಯ್ಯ. ಹೆಸರು ಅಲ್ಲೇ ಕೂತಿರುತ್ತೆ."

ಎರಡು ಸಾವಿರ ಪ್ರತಿ ಹೊಲಿದಾಗಿತ್ತು. ಹಳೆಯ ಹಾಳೆಯನ್ನು ಬುಡದಲ್ಲಿ ಕಡ್ಡಿಯಗಲ ಬಿಟ್ಟು ಕತ್ತರಿಸಿ, ಆ ಅಂಚಿಗೆ ಗೋಂದು ಸವರಿ ಹೊಸದನ್ನು ಅಂಟಿಸುವ ಕೆಲಸವನ್ನು ಅವರು ನನ್ನ ಪಕ್ಕ ಕುಳಿತು ಕಲಿತರು. ಮೊದಲ ದಿನವೇ ಬೆರಳು ಕುಯ್ದುಕೊಂಡರು.

"ನಿಮ್ಮ ಕೈ ಬರೆಯೋಕಷ್ಟೇ ಲಾಯಕ್ಕು ಸ್ವಾಮಿ," ಎಂದೆ.

"ಅದಕ್ಕಾದ್ರೂ ಲಾಯಕ್ಕಾಗಿದ್ರೆ ಇಲ್ಲಿ ಯಾಕಮ್ಮಾ ಕೂರ್ತಿದ್ದೆ?"

ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿಸಿದರು. ಮಾರಿಹೋದ ಪ್ರತಿಗಳಿಗಾಗಿ ಹೊಸ ಹಾಳೆಗಳನ್ನು ಹಿಡಿದು ವಾಚನಾಲಯ, ಪುಸ್ತಕದಂಗಡಿ, ಪರಿಚಯದವರ ಮನೆಗಳನ್ನು ಸುತ್ತಿದರು. ಮೂರನೆಯ ವಾರ ಇನ್ನಷ್ಟು ಹಾಳೆ ಒಯ್ಯಲು ನಮ್ಮಲ್ಲಿಗೆ ಬಂದಿದ್ದಾಗ, ದಪ್ಪ ಕನ್ನಡಕದ ಒಬ್ಬರು ತಮ್ಮ ಪ್ರತಿಯೊಡನೆ ಒಳಗೆ ಬಂದರು.

"ಇದಕ್ಕೂ ಹಾಕ್ಕೊಡಿ. ಆ ಬೇಕರಿ ಇರೋದು ನನ್ನ ಕಟ್ಟಡದಲ್ಲೇ. ಅವನಿಗೆ ಇಲ್ಲೇ ಇರಪ್ಪ ಅಂದಿದೀನಿ."

ಲೇಖಕರು ಕತ್ತಿ ಕೈಗೆತ್ತಿಕೊಂಡರು. ಹಾಳೆ ಕೂದಲೆಳೆಯಷ್ಟೂ ಓರೆಯಾಗಲಿಲ್ಲ.

ಧೈರ್ಯದಿಂದ ಬರೆದವರ ಪುಸ್ತಕಗಳನ್ನು ನಾನು ಎಷ್ಟೋ ಹೊಲಿದಿದ್ದೇನೆ. ಬರೆದದ್ದನ್ನು ಅಷ್ಟೇ ಧೈರ್ಯದಿಂದ ತಮ್ಮ ಕೈಯಾರೆ ಕಿತ್ತು ತೆಗೆಯುವವರು ವಿರಳ. ಆದರೂ ಅಂಥವರು ಇಲ್ಲವೆಂದು ಯಾರಾದರೂ ನಿಟ್ಟುಸಿರಿಟ್ಟರೆ ನಾನು ಒಪ್ಪುವುದಿಲ್ಲ, ಒಬ್ಬರ ಪಕ್ಕದಲ್ಲಿ ಆರು ದಿನ ಕುಳಿತಿದ್ದೇನೆ.