ಕಕ್ಕಸಿಗೆ ಹಾಕಿದ ಬೀಗ

ನಮ್ಮ ವಠಾರದಲ್ಲಿ ಉಪ್ಪು, ಬೆಂಕಿ, ಚಾಡಿಮಾತು ಎಲ್ಲವನ್ನೂ ಹಂಚಿಕೊಳ್ಳುತ್ತೇವೆ. ಎನುಗು ಪಟ್ಟಣದಲ್ಲಿ ಇಂಥವು ಎಷ್ಟೋ ಇವೆ: ಎದುರುಬದುರು ಕೋಣೆಗಳು, ನಡುವೆ ಓಣಿ, ಓಣಿಯ ತುದಿಗೆ ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಹೀಗಿರುವಾಗ ತುರಿಕೆ ಮಾತ್ರ ಒಬ್ಬಳ ಸೊತ್ತಾಗಿರಲು ಸಾಧ್ಯವೇ?

ಹೆಂಗಸರ ಆ ತುರಿಕೆಗೆ ನಮ್ಮೂರಲ್ಲಿ ‘ಟಾಯ್ಲೆಟ್ ರೋಗ’ ಎಂದೇ ಹೆಸರು. ಮೈಗೆ ಏನಾದರೂ ಆದರೆ ಕಕ್ಕಸನ್ನು ತಿಕ್ಕುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮದ್ದೇನೋ ಬೀದಿ ಕೊನೆಯ ಬೋನಿಫೇಸನ ಔಷಧಿ ಅಂಗಡಿಯದು. ಅವನು ಬಿಳಿ ಕೋಟು ಹಾಕಿಕೊಳ್ಳುವುದರಿಂದ ಎಲ್ಲರೂ ಡಾಕ್ಟ್ರೇ ಅನ್ನುತ್ತಾರೆ. ಅವನು ಕೊಡುವ ಫ್ಲುಕೊನಜೋಲ್ ಮಾತ್ರೆಯನ್ನು ಒಬ್ಬಳು ತಂದು, ತುರಿಕೆ ತಗ್ಗುವವರೆಗೆ ನುಂಗಿ, ಮಿಕ್ಕದ್ದನ್ನು ಪಕ್ಕದವಳಿಗೆ ಕೊಡುತ್ತಾಳೆ. ಅವಳು ಇನ್ನಷ್ಟು ಮಿಗಿಸಿ ಆಚೆಯವಳಿಗೆ. ಏನೂ ಇಲ್ಲದವರೂ ಕಕ್ಕಸಿಗೆ ಹೆದರಿ ಆಗಾಗ ಒಂದು ನುಂಗುತ್ತಾರೆ. ನಾನೂ ನುಂಗುತ್ತಿದ್ದೆ. ಬೀದಿಯಲ್ಲಿ ಕೂತು ಬಿಸಿ ಒಕ್ಪಾ ಕಡುಬು ಮಾರುವವಳು ಕೆರೆದುಕೊಳ್ಳುತ್ತ ಕೂತರೆ ಯಾರು ಕೊಳ್ಳುತ್ತಾರೆ?

ಈ ವರ್ಷ ಮಾತ್ರೆ ಕೈಕೊಟ್ಟಿತು. ಎಷ್ಟು ನುಂಗಿದರೂ ತುರಿಕೆ ಜಗ್ಗಲಿಲ್ಲ. ಓಲಾಎಡೊ ಎಂಬ ತುಂಬು ಬಸುರಿ ಗಂಡನೊಡನೆ ಮೂಲೆಕೋಣೆಗೆ ಬಂದದ್ದೂ ಆಗಲೇ. ಅವಳಿಗೂ ತುರಿಕೆ ಇದೆಯೆಂದು ಗೊತ್ತಾದದ್ದೇ ತಡ, ಮನೆ ಒಡತಿ ಅಕುನ್ನಾ ಓಣಿಯಲ್ಲೇ ಪಂಚಾಯಿತಿ ಸೇರಿಸಿದಳು.

“ನೀನು ಬರೋಕ್ಮುಂಚೆ ನಮ್ ಕಕ್ಕಸು ಚಿನ್ನದಂಗಿತ್ತು ಕಣೇ!”

ಚಿನ್ನವಂತೆ! ಮೂಗು ಮುಚ್ಚದೆ ಅದರೊಳಗೆ ಹೋದವರನ್ನು ನಾನು ಕಂಡಿಲ್ಲ.

“ಮಾತ್ರೆನಾದ್ರೂ ತಗೊಂಡ್ಯೇನೇ?” ಎಂದು ಅಕುನ್ನಾ ಜಬರಿಸಿದಳು.

“ಇಲ್ಲಕ್ಕ. ಬಸುರೀಲಿ ಅದನ್ನ ನುಂಗ್ಬಾರ್ದು ಅಂತ ಆಸ್ಪತ್ರೇಲಿ ಹೇಳಿದಾರೆ,” ಅಂದಳು ಓಲಾಎಡೊ.

“ಕೇಳಿದ್ರೇನ್ರೇ! ನಾವೆಲ್ಲ ಮದ್ದು ನುಂಗಿ ಸಾಯ್ತಿದೀವಿ, ಈ ಮಹಾರಾಣಿ ರೋಗ ಸಾಕ್ಕೊಂಡು ಕೂತಿದಾಳೆ!”

ತೀರ್ಪಾಯಿತು. ಕಕ್ಕಸಿಗೆ ಬೀಗ, ಮನೆಗೊಂದು ಕೀಲಿ, ಓಲಾಎಡೊಗೆ ಮಾತ್ರ ಇಲ್ಲ. ಹೆರಿಗೆಯ ಹೊತ್ತಿಗೆ ವಠಾರ ಗುಣವಾಗದಿದ್ದರೆ ಅವಳು ಕೋಣೆ ಖಾಲಿ ಮಾಡಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ವಠಾರಕ್ಕೆ ಬಂದವಳು ಕಕ್ಕಸಿಗೂ ಬಾರದಂತೆ ನಾವು ಮಾಡಿದೆವು. ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ರಸ್ತೆ ದಾಟಿ ದೂರದ ಚರ್ಚಿನ ಕಕ್ಕಸಿಗೆ ಹೋಗುವುದನ್ನು ನಾನು ಕಡುಬು ಮಾರುತ್ತ ದಿನಾ ನೋಡುತ್ತಿದ್ದೆ.

ನಾವು ಕಕ್ಕಸನ್ನು ತಿಕ್ಕಿ ತೊಳೆದು, ಸುಣ್ಣ ಹೊಡೆದು, ಪಾದ್ರಿಯಿಂದ ತೀರ್ಥವನ್ನೂ ಹಾಕಿಸಿದೆವು. ಅದು ಹೊಳೆಯಿತು, ನಾವು ಕೆರೆದುಕೊಂಡೆವು. “ಇದು ಬಲೇ ಹಟಮಾರಿ ಟಾಯ್ಲೆಟ್ಟು,” ಎಂದು ಬೋನಿಫೇಸ್ ಇನ್ನಷ್ಟು ಮಾತ್ರೆ ಮಾರಿದ. ಕೊನೆಗೆ, ರೋಗ ತಂದವಳು ಓಲಾಎಡೊಳೇ ಎಂದು ಡಾಕ್ಟರ ಬಾಯಿಂದಲೇ ಹೇಳಿಸಲು ಅಕುನ್ನಾ ಅವಳನ್ನೂ ನಮ್ಮನ್ನೂ ದೊಡ್ಡಾಸ್ಪತ್ರೆಗೆ ಹೊರಡಿಸಿದಳು.

ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡರು. “ಇದು ಕಕ್ಕಸಿಂದ ಬಂದಿದ್ದಲ್ಲ ತಾಯಿ. ಮೈಯಲ್ಲೇ ಇರೋ ಯೀಸ್ಟು, ಒಂಥರಾ ಬೂಷ್ಟು ಅನ್ಕೊಳ್ಳಿ, ಅತಿಯಾಗಿ ಬೆಳ್ಕೊಂಡಿದೆ. ಈ ಹುಡುಗೀದು ಸಾಧು ಜಾತಿ, ಮದ್ದಿಗೆ ಸಾಯುತ್ತೆ. ನಿಮ್ದೇ ಬೇರೆ.”

“ಅವಳದಕ್ಕಿಂತ ಒಳ್ಳೇದಾ?” ಅಂದಳು ಅಕುನ್ನಾ.

“ಪುಂಡರು! ಅರೆಬರೆ ಮದ್ದು ನುಂಗಿ ಸಾಧುಗಳನ್ನ ಕೊಂದ್ರಿ, ಪುಂಡರನ್ನ ಉಳಿಸ್ಕೊಂಡ್ರಿ. ಈಗ ಇರೋದೆಲ್ಲ ಪುಂಡರ ಮಕ್ಳೇ. ಮದ್ದು ಒಳಗೆ ಕಾಲಿಟ್ರೆ ಸಾಕು, ಕತ್ತು ಹಿಡಿದು ಹೊರಕ್ಕೆ ದಬ್ತವೆ.”

“ಥೇಟ್ ನಮ್ ಮನೆ ಒಡತಿ ಥರ,” ಅಂದೆ. ಅಕುನ್ನಾ ನನ್ನನ್ನು ಸುಡುವಂತೆ ನೋಡಿದಳು.

ಓಲಾಎಡೊಗೆ ಬಸುರಿಯರಿಗೆ ಆಗುವಂಥ ಮದ್ದು ಕೊಟ್ಟರು. ನಮಗೆ ಬೇಕಾದ್ದು ಲಾಗೋಸಿನಿಂದ ಬರಬೇಕು, ಕಾಯಿರಿ ಅಂದರು. ನಾವು ಕಾಯುತ್ತಿರುವಾಗಲೇ ಅವಳ ತುರಿಕೆ ನಿಂತ ಸುದ್ದಿ ಓಣಿಯಲ್ಲಿ ಹರಡಿತು. ಅಕುನ್ನಾ ಹೊಸ ಕೀಲಿ ಹಿಡಿದು ಅವಳ ಬಾಗಿಲಿಗೆ ಬಂದಳು. ಹಿಂದೆ ಇಡೀ ವಠಾರ.

“ತಗೋ ಕಣವ್ವ, ನಿನ್ ಕೀಲಿ. ಹೆಂಗೂ ಗುಣ ಆಯ್ತಲ್ಲ, ಮಿಕ್ಕಿರೋ ಮದ್ದು ಕೊಡು. ಎಲ್ರೂ ಹಂಚ್ಕೋತೀವಿ.”

ಓಲಾಎಡೊ ಕೀಲಿಯನ್ನು ನೋಡಿದಳು. ಅದು ಎಷ್ಟು ಬೇಕಾಗಿತ್ತೆಂದು ಅವಳ ಮುಖವೇ ಹೇಳುತ್ತಿತ್ತು.

“ಕೊಡಲ್ಲಕ್ಕ. ತುರಿಕೆ ನಿಂತಿದೆ, ಮದ್ದು ಇನ್ನೂ ಮುಗ್ದಿಲ್ಲ.”

ನಮ್ಮ ವಠಾರದಲ್ಲಿ ಒಬ್ಬಳು ಕೊಡುವುದಿಲ್ಲ ಅಂದದ್ದು ಅದೇ ಮೊದಲು. “ಜಂಬ ನೋಡ್ರೇ! ಚರ್ಚಿಗೇ ಹೋಗ್ಲಿ!” ಎಂದು ಅಕುನ್ನಾ ಕೀಲಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ನಡೆದಳು. ಎಲ್ಲರೂ ಹೌದು ಹೌದು ಅಂದರು.

ಅವರೆಲ್ಲ ಹೋದ ಮೇಲೆ ನನ್ನ ಕೀಲಿಯನ್ನು ಅವಳ ಬಾಗಿಲಡಿಯಿಂದ ಒಳಗೆ ತಳ್ಳಿದೆ. ಈಗ ಚರ್ಚಿನ ಕಕ್ಕಸಿಗೆ ಹೋಗುವವಳು ನಾನು. ದಾರಿ ದೂರ, ನಡೆದಷ್ಟೂ ತುರಿಕೆ ಹೆಚ್ಚು.