ನಲವತ್ತು ಎನ್ನುವ ನಲವತ್ತೆರಡು ದಿನ

ಎರವಲು ತಂದ ಕಂಪ್ಯೂಟರ್ ಕೋಡನ್ನು ಪೂರ್ತಿ ಓದದೆ ಬಳಸಿದ್ದು ಸೆರ್ವಾ ತನ್ನ ಹದಿನಾಲ್ಕು ವರ್ಷದ ಕಸುಬಿನಲ್ಲಿ ಒಂದೇ ಸಲ. ಆ ಒಂದು ಸಲಕ್ಕೇ ಶನಿವಾರ ಬೆಳಗ್ಗೆ ನಾನಾ ದಾಪಾ, ಕುಮಾಸಿ ಊರಿನ ಅವಳ ಧ್ವನಿಮುದ್ರಣದ ಅಂಗಡಿಗೆ ಬಂದು ನಿಂತರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

ನಾನಾ ಅರಮನೆಯ ಹಿರಿಯ ನಗಾರಿಯವರು. ಅವರ ಪಾಠಗಳನ್ನು ಧ್ವನಿಮುದ್ರಿಸಿ ದೂರದ ಶಿಷ್ಯರಿಗೆ ಲಿಂಕ್ ಕಳಿಸುವವಳು ಸೆರ್ವಾ. ಷರತ್ತು ಒಂದೇ: ಪಾಠ ಅರಮನೆಯ ಮುಂದಿನ 'ಅಕ್ವಾಸಿದೆ' ಹಬ್ಬದ ತನಕ ಮಾತ್ರ ಕೇಳಿಸಬೇಕು. ಆಮೇಲೆ ಕೈಯಲ್ಲಿ ಉಳಿದಷ್ಟೇ ಶಿಷ್ಯನ ಪಾಲು.

"ಹ್ಯಾಂಬರ್ಗ್‌ನಿಂದ ನನ್ನ ಶಿಷ್ಯ ಒಫೊಸು ಫೋನ್ ಮಾಡಿದ್ದ. ಹಬ್ಬ ನಾಳೆ, ಪಾಠ ನಿನ್ನೆನೇ ಬಂದ್ ಆಯ್ತಂತೆ. ಲಿಂಕಿನ ತುದೀಲಿ ತಾರೀಖಿತ್ತಂತೆ, ತಿದ್ದಿದನಂತೆ, ತೆರ್ಕೊಂಡಿತಂತೆ! ನಂಗೇ ಹೇಳ್ತಾನೆ, ಹೆಮ್ಮೆಯಿಂದ! ನಾಳೆ ಸಂಜೆ ಆರಕ್ಕೆ ಅದು ಮುಚ್ಚಲೇಬೇಕು, ಮಗಳೇ. ಇಲ್ಲಾಂದ್ರೆ ಆರು ವರ್ಷದ ಪಾಠ ಅಷ್ಟೂ ಅಳಿಸಿಬಿಡು. ನನ್ನ ಜೊತೆಗೇ ಮಣ್ಣಾಗ್ಲಿ."

ಸೆರ್ವಾ ಕಂಪ್ಯೂಟರಿನ ಕಡೆ ಕುರ್ಚಿ ತಿರುಗಿಸಿದಳು. "ಮುಚ್ಚತ್ತೆ, ನಾನಾ. ನಾನಿದೀನಲ್ಲ."

ಕೋಡು ಅಕ್ರಾದಲ್ಲಿ ಕೂತು ಆನ್‌ಲೈನಿನಲ್ಲಿ ಸಿನಿಮಾ ಬಾಡಿಗೆಗೆ ಕೊಡುವ ತಮ್ಮ ಬೋಡಿಯದು. ಲಿಂಕು ಅಸಲಿ ಎಂದು ಗುರುತಿಸುವ ಗುಪ್ತ ಸಹಿ ಹಾಕುವ ಸಾಲುಗಳನ್ನು ಪುಣ್ಯಾತ್ಮ ಮೂರು ಕಡೆ ಮೂರು ಥರ ಬರೆದಿದ್ದ. ಸಹಿಯೋ, ಕಡತದ ಹೆಸರಿಗೆ ಮಾತ್ರ. ತಾರೀಖು ಹೊರಗೆ ಅನಾಥ, ಯಾರು ತಿದ್ದಿದರೂ ಸಹಿಗೆ ಗೊತ್ತಾಗದು. 'ಎಷ್ಟು ದಿನ' ಎಂಬಲ್ಲಿ ನಲವತ್ತು ಎಂದು ಬರೆದವಳು ಮಾತ್ರ ಸೆರ್ವಾಳೇ. ಹಬ್ಬದಿಂದ ಹಬ್ಬಕ್ಕೆ ನಲವತ್ತು ದಿನ ಎನ್ನುವುದು ಊರಿನ ಮಾತು. ಎಣಿಸಿದರೆ ನಲವತ್ತೆರಡು. ಎಣಿಸುವವರು ಯಾರು, ಹಬ್ಬದ ಭಾನುವಾರ ತಾನಾಗಿ ಬರುತ್ತದಲ್ಲ! ಅವಳಿಗೆ ನಾಚಿಕೆಯಾಯಿತು.

"ಎರಡು ಕೂಡಿಸು ಅಕ್ಕ, ಮುಗೀತಲ್ಲ!" ಎಂದ ಬೋಡಿ ಫೋನಿನಲ್ಲಿ.

"ನಡುವೆ ಯಾವುದೋ ಮಂಗಳವಾರ ಕೊಟ್ಟ ಪಾಠಕ್ಕೆ ಎಷ್ಟು ಕೂಡಿಸಲಿ? ಸಿನಿಮಾ ನೋಡಿ ನೋಡಿ ನಿನ್ನ ತಲೆ ಕೆಟ್ಟಿದೆ. ಇಡು ಫೋನು."

ಮೂರು ಕಡೆ ಇದ್ದದ್ದನ್ನು ಒಂದೇ ಕಡೆ ತಂದಳು. ದಿನದ ಲೆಕ್ಕವನ್ನೇ ಕಿತ್ತೆಸೆದು, ಹಬ್ಬದ ತಾರೀಖುಗಳ ಪಟ್ಟಿ ಇಟ್ಟಳು. ಪಾಠ, ಶಿಷ್ಯನ ಹೆಸರು, ಗಡುವು ಮೂರನ್ನೂ ಸೇರಿಸಿ ಕಟ್ಟಿ, ಆಮೇಲೆ ಸಹಿ ಹಾಕಿಸಿದಳು. ಒಂದಕ್ಷರ ತಿದ್ದಿದರೂ ಸಹಿ ಸುಳ್ಳಾಗಿ ಲಿಂಕು ತೆರೆಯದು. ಮಧ್ಯಾಹ್ನಕ್ಕೆ ಹಳೆಯ ಲಿಂಕುಗಳನ್ನೆಲ್ಲ ರದ್ದು ಮಾಡಿ ಹೊಸವನ್ನು ಕಳಿಸಿ, ಫುಫು ಉಣ್ಣಲು ಹೋದಳು.

ಭಾನುವಾರ ಹಬ್ಬ ಮುಗಿಸಿಕೊಂಡು ನಾನಾ ನೇರ ಅಂಗಡಿಗೇ ಬಂದರು. ಆರು ಹೊಡೆದು ಐದು ನಿಮಿಷಕ್ಕೆ ಒಫೊಸುವಿನ ಫೋನು. "ಅಕ್ಕಾ, ತಾರೀಖು ತಿದ್ದಿದೆ, ಹೆಸರು ತಿದ್ದಿದೆ, ಜಪ್ಪಯ್ಯ ಅಂದ್ರೂ ತೆರೀತಿಲ್ಲ!"

ನಾನಾ ನಗಲಿಲ್ಲ. ತಮ್ಮ ಫೋನು ತೆಗೆದು ತಮಗೆ ಬಂದಿದ್ದ ಲಿಂಕನ್ನು ತಾವೇ ಒತ್ತಿದರು. ಇನ್ನೊಮ್ಮೆ ಒತ್ತಿದರು.

"ನಂಗೂ ಇಲ್ವಾ? ಬಾರಿಸಿದೋನು ನಾನು!"

"ನಿಮಗೂ ಇಲ್ಲ, ನಾನಾ. ಷರತ್ತು ನಿಮ್ದೇ ಅಲ್ವಾ."

ಮುದುಕರು ಅವಳನ್ನೇ ನೋಡಿದರು. ಸೆರ್ವಾ ಕಣ್ಣು ತಗ್ಗಿಸಲಿಲ್ಲ. ಅವರು ಕುರ್ಚಿ ಎಳೆದು ಕೂತು, ಚೀಲದಿಂದ ನಗಾರಿಯ ಕೋಲು ತೆಗೆದರು.

"ನಮ್ಮಪ್ಪ ನಂಗೊಬ್ಬನಿಗೇ ಹೇಳಿಕೊಟ್ಟಿದ್ದು ಒಂದಿದೆ. ಇವತ್ತಿನ ತನಕ ಯಾರಿಗೂ ಕೊಟ್ಟಿಲ್ಲ. ಹಚ್ಚು ಮೈಕು."